ಕಣ್ಣಿ ಕಟ್ಟಿಕೊಂಡು ಆಗಬೋಟು ಹತ್ತಿದ್ದು

ಮೊನ್ನೆ ಹಾನಗಲ್ಲಿನಿಂದ ಶಿಗ್ಗಾಂವಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಒಬ್ಬ ಹೆಣ್ಣುಮಗಳು ಕುಂತಿದ್ದಳು. ತೊಡೆಯ ಮೇಲಿನ ಕೂಸಿಗೆ ವಾಂತಿ ಬಂದೀತೆಂದು ಒಂದು ಲಿಂಬಿಹಣ್ಣನ್ನು ಉಗುರಿನಿಂದ ಗೀರಿ ಅದರ ಮೂಗಿಗೆ ಹಿಡಿದಳು. ಕೂಸು ಆರಾಮಾಗಿ ನಿದ್ದೆ ಹೋಯಿತು. ಹೊಟ್ಟೆ ತೊಳಸಿದ್ದು ನನಗೆ. ಎಪ್ಪತ್ತು ದಾಟಿದ ಗಂಡಸು ನಾನು, ಮುಂದಿನ ಸೀಟಿನ ಸರಳನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡೆ. ಕಂಡಕ್ಟರ್ ನೋಡಿ, “ಯಾಕಜ್ಜಾ, ಬಸ್ಸು ಇನ್ನೂ ಬಿಟ್ಟಿಲ್ಲಲ್ಲ!” ಎಂದು ನಕ್ಕ. ಬಿಟ್ಟಿರಲಿಲ್ಲ, ಖರೇ. ಆದರೆ ನನ್ನ ಕಾಲ ಕೆಳಗೆ ನೆಲ ಏರಿ ಇಳಿಯುತ್ತಿತ್ತು.

ಹಾನಗಲ್ಲಿನವನಿಗೆ ಸಮುದ್ರದ ಅಂಜಿಕೆ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನಮಗಿರುವುದು ಒಂದು ಆನಿಕೆರೆ. ಅದರ ನೀರು ನಿಂತಲ್ಲಿ ನಿಂತಿರುತ್ತದೆ, ಮರ್ಯಾದಸ್ಥ ನೀರು. ಬೆನ್ನು ತೊಳೆಸಿಕೊಳ್ಳುವ ಎಮ್ಮೆಗಳಿಗೂ ಅದರ ಅಂಜಿಕೆ ಇಲ್ಲ. ನಾನು ಹೇಳಹೊರಟಿರುವ ನೀರು ಬೇರೆ. ಅದನ್ನು ನೋಡಲು ಹೆಂಡತಿ ಮತ್ತು ಮೂರು ಮಕ್ಕಳನ್ನು ಕಟ್ಟಿಕೊಂಡು ಹೋಗಿದ್ದೆ. ಕಟ್ಟಿಕೊಂಡು ಎಂಬ ಮಾತು ಸುಮ್ಮನೆ ಬಂದದ್ದಲ್ಲ, ಮುಂದೆ ತಿಳಿಯುತ್ತದೆ.

ನಾನು ಬಡಿಗ, ಗಾಡಿ ಮಾಡುವವ. ಮೂರನೇ ಇಯತ್ತೆಯಲ್ಲಿರುವಾಗ ಅಪ್ಪ ತೀರಿಕೊಂಡ, ಪಾಟಿ ಮಾಸ್ತರರಿಗೆ ಒಪ್ಪಿಸಿ ಬಾಚಿ ಹಿಡಿದೆ. ಕಲಿತವರ ಮುಂದೆ ಇವತ್ತಿಗೂ ಸ್ವಲ್ಪ ಎದೆ ಸೆಟೆಸಿಯೇ ಕೂಡುತ್ತೇನೆ. ನನಗೆ ಅಕ್ಷರ ಕಡಿಮೆ ಇರಬಹುದು, ಆದರೆ ನಾನು ಕೂಡಿಸಿದ ಗಾಲಿ ಹದಿನೈದು ವರ್ಷ ಅಲುಗಲಿಲ್ಲ. ಅದರ ಗುಟ್ಟು ಬಿಗಿಯುವುದರಲ್ಲಿದೆ. ಕಬ್ಬಿಣದ ಹಳಿಯನ್ನು ಗಾಲಿಗಿಂತ ತುಸು ಸಣ್ಣದಾಗಿಯೇ ಮಾಡಬೇಕು. ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಗಾಲಿಯ ಮೇಲೆ ಏರಿಸಿ ತಕ್ಷಣ ನೀರು ಸುರಿಯಬೇಕು. ಚುಯ್ಯೆಂದು ಹಳಿ ಕುಗ್ಗಿ ಕಟ್ಟಿಗೆಯನ್ನು ಅವುಚಿಕೊಳ್ಳುತ್ತದೆ. ಆ ಮೇಲೆ ಯಾವ ಘಟ್ಟವೂ ಅದನ್ನು ಬಿಡಿಸಲಾರದು. ಜಗತ್ತಿನಲ್ಲಿ ಕೆಟ್ಟದ್ದೆಲ್ಲ ಆಗುವುದು ಯಾರೋ ಎಲ್ಲೋ ಸಡಿಲ ಬಿಟ್ಟಿದ್ದರಿಂದ ಎಂದು ನಾನು ನಂಬಿದ್ದೆ.

ನನ್ನ ಗಾಡಿಗಳು ಶಿರಸಿ ದಾಟಿ ಘಟ್ಟ ಇಳಿದು ಕುಮಟೆಯ ಬಂದರಕ್ಕೆ ಅಕ್ಕಿ ಒಯ್ಯುತ್ತಿದ್ದವು, ಬರುವಾಗ ಉಪ್ಪು, ತೆಂಗಿನಕಾಯಿ ತರುತ್ತಿದ್ದವು. ಅವುಗಳಲ್ಲಿ ಒಂದು ಸವಣೂರಿನ ಹುಸೇನಸಾಬನದು. ಹುಸೇನಸಾಬ ನನಗಿಂತ ನಾಲ್ಕು ವರ್ಷ ದೊಡ್ಡವ, ನನ್ನ ದೋಸ್ತ. ಸವಣೂರ ಎಲೆ ಮಡಿಚಿ ದವಡೆಗಿಟ್ಟುಕೊಂಡು ನಾನು ಗಾಡಿ ಮಾಡುವ ಕೊಟ್ಟಿಗೆಯ ಮುಂದೆ ಕುಂತನೆಂದರೆ ಸಮುದ್ರದ ಸುದ್ದಿಯೇ. ಕುಮಟೆಯ ಎದುರಿಗೆ ದೂರ ನಿಲ್ಲುವ ಆಗಬೋಟು, ಅಂದರೆ ಉಗಿಯ ಹಡಗು, ಅದರ ಹೊಗೆ, ಅದರ ಕೂಗು. “ನಿನ್ನ ಗಾಲಿ ಎಷ್ಟು ಸಲ ಸಮುದ್ರ ನೋಡ್ಯಾವು ಬಡಿಗೇರ, ನೀ ಮಾತ್ರ ಇಲ್ಲೇ ಕುಂತಿ ನೋಡು, ಕಟ್ಟಿಗಿ ಚಕ್ಕಿ ಬಳಕೋತ.”

ಅದು ನನಗೆ ಚುಚ್ಚಿತು. ಒಳಗೆ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ನೀಲವ್ವನಿಗೆ ಆಸೆ ಹತ್ತಿತು. ಆಕೆ ಹಂಸಭಾವಿಯವಳು, ನೀರೆಂದರೆ ಬಾವಿಯದು ಮಾತ್ರ ಕಂಡವಳು. “ಆಗಬೋಟಿನ್ಯಾಗ ಮಕ್ಕಳ್ನೂ ಹತ್ತಿಸ್ತಾರೇನ್ರಿ?” ಎಂದು ಒಳಗಿನಿಂದಲೇ ಹುಸೇನಸಾಬನನ್ನು ಕೇಳಿದಳು.

“ಮಕ್ಕಳು, ಕೋಳಿ, ಆಡು, ಎಲ್ಲಾನೂ ಹತ್ತಿಸ್ತಾರ ತಂಗೀ. ಮುಂಜಾನೆ ಕುಮಟ್ಯಾಗ ಹತ್ತಿದ್ರ ಮಧ್ಯಾಹ್ನ ಕಾರವಾರದಾಗ ಇಳೀಬಹುದು. ಅಲ್ಲಿಂದ ಹಿಂದಕ್ಕ ಮೋಟಾರ ಐತಿ.”

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತಿದು. ಯಾತ್ರೆಯಲ್ಲ, ಲಗ್ನವಲ್ಲ, ಸತ್ತವರಿಲ್ಲ, ಸುಮ್ಮನೆ ನೀರಿನ ಮೇಲೆ ತೇಲಿ ಬರಲು ಹೆಂಡತಿ ಮಕ್ಕಳನ್ನು ಕರೆದೊಯ್ಯುತ್ತಾನಂತೆ ಎಂದು ಓಣಿಯೆಲ್ಲ ಸುದ್ದಿ. ಕೆಲಸವಿಲ್ಲದ ಬಡಿಗ ಮಗನ ಕುಂಡಿ ಕೆತ್ತಿದನೆಂಬ ಗಾದೆಯನ್ನು ಆ ತಿಂಗಳು ನನ್ನ ಮುಖದ ಮುಂದೆ ಹೇಳದವರೇ ಇಲ್ಲ. ನಾನು ಸೊಕ್ಕಿನವ, ಬೈಯಿಸಿಕೊಂಡಷ್ಟೂ ಹಟ ಬಲಿಯಿತು.

ಆದರೆ ಅವ್ವ ಬೈಯಲಿಲ್ಲ, ಅದೇ ಕಷ್ಟವಾಯಿತು. ಹೊಸ್ತಿಲ ಮೇಲೆ ಕುಂತು ಒಂದೇ ಮಾತು ಹೇಳಿದಳು: “ಮೂರು ಮಕ್ಕಳ್ನ ಒಯ್ಯಾಕತ್ತೀಪಾ. ಮೂರೂ ಹೆಂಗ ಒಯ್ತೀಯೋ ಹಂಗ ತಂದು ನನ್ನ ಉಡಿಯಾಗ ಹಾಕು. ಒಂದಕ್ಕರ ಉಗುರು ಸೀಳಿದ್ರೂ ನಾ ನಿನ್ನ ಮಾರಿ ನೋಡೂದಿಲ್ಲ.”

ಅವತ್ತಿನಿಂದ ನನ್ನ ನಿದ್ದೆ ಹೋಯಿತು. ದೊಡ್ಡವಳು ಮೋನವ್ವ, ಎಂಟು ವರ್ಷ, ಹೇಳಿದ ಮಾತು ಕೇಳುವವಳು. ಮೂರನೆಯದು ಮೊಲೆ ಕುಡಿಯುವ ಗಂಡುಕೂಸು, ತಾಯಿಯ ಉಡಿಯಲ್ಲೇ ಇರುತ್ತದೆ. ನನ್ನ ಚಿಂತೆಯೆಲ್ಲ ನಡುವಿನವಳದು. ಚಂದ್ರಿ, ಆರು ವರ್ಷ. ನಿಲ್ಲು ಅಂದರೆ ಓಡುವವಳು. ಅಕ್ಕಿಆಲೂರ ಸಂತೆಯಲ್ಲಿ ಕೈ ಬಿಡಿಸಿಕೊಂಡು ಹೋಗಿ ಅಕ್ಕಿ ಗಿರಣಿಯ ಗರಗರ ತಿರುಗುವ ಪಟ್ಟಾದ ಮುಂದೆ ನಿಂತಿದ್ದವಳು.

ತಯಾರಿಗೆ ಕೊರತೆ ಇರಲಿಲ್ಲ. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಒಂದು ಚೀಲ ಚುರಮರಿ. ಸಮುದ್ರದಲ್ಲಿ ಕುಡಿಯುವ ನೀರು ಇರುವುದಿಲ್ಲವೆಂದು ಯಾರೋ ಹೇಳಿದ್ದಕ್ಕೆ ಎರಡು ತಾಮ್ರದ ಕೊಡ. ವಾಂತಿಗೆ ಹನ್ನೆರಡು ಲಿಂಬಿಹಣ್ಣು. ಮಕ್ಕಳ ಹಣೆಗೆ ದಿನಕ್ಕೆರಡು ಸಲ ಹಚ್ಚಲು ಮನೆದೇವರ ಭಂಡಾರದ ಗಂಟು. ಇಷ್ಟೆಲ್ಲ ಆದ ಮೇಲೂ ಏನೋ ಸಡಿಲ ಉಳಿದಿದೆ ಅನ್ನಿಸುತ್ತಿತ್ತು. ಅದೇನೆಂದು ಹೊಳೆದದ್ದು ಸಂತೆಯಲ್ಲಿ. ಎರಡು ಕರು ಕೊಂಡ ರೈತನೊಬ್ಬ ಅವೆರಡನ್ನೂ ಒಂದೇ ಕಣ್ಣಿಯಿಂದ ಜೋಡಿಗಟ್ಟಿ ಹೊಡೆದುಕೊಂಡು ಹೊರಟಿದ್ದ. ಒಂದು ಓಡಬೇಕೆಂದರೆ ಇನ್ನೊಂದು ಜಗ್ಗುತ್ತದೆ, ಎರಡೂ ದಾರಿಯಲ್ಲೇ ಇರುತ್ತವೆ. ಮನೆಗೆ ಬಂದವನೇ ಪುಂಡಿನಾರಿನಿಂದ ಒಂದು ಮಾರು ಉದ್ದದ ಕಣ್ಣಿ ಹೊಸೆದೆ. ಇಷ್ಟು ಚಂದದ ಹುರಿ ನಾನು ಎತ್ತಿಗೂ ಹೊಸೆದಿರಲಿಲ್ಲ.

ಘಟ್ಟ ಇಳಿದದ್ದು ಸಂಕ್ರಾಂತಿ ಮುಗಿದ ಮೇಲೆ, ಹುಸೇನಸಾಬನ ಗಾಡಿಯಲ್ಲೇ. ನಾಲ್ಕು ದಿನ ಮಕ್ಕಳು ಅಕ್ಕಿಚೀಲದ ಮೇಲೆ ಕುಂತು ಹಾಡಿದರು, ನಾನು ನನ್ನದೇ ಗಾಲಿಗಳ ಸಪ್ಪಳ ಕೇಳುತ್ತ ಅಂಜಿದೆ. ಕುಮಟೆಯಲ್ಲಿ ಗಾಡಿ ನಿಲ್ಲಿಸಿ ಹುಸೇನಸಾಬ ನಮ್ಮನ್ನು ತನ್ನ ಗುರುತಿನ ತಾಂಡೇಲನಿಗೆ ಒಪ್ಪಿಸಿದ. ತಾಂಡೇಲನೆಂದರೆ ದಂಡೆಯಿಂದ ಆಗಬೋಟಿನವರೆಗೆ ಒಯ್ಯುವ ದೋಣಿಯ ಯಜಮಾನ. ಸಮುದ್ರ ಎದುರಿಗೇ ಇತ್ತು, ನಾನು ಮಾತ್ರ ದೋಣಿಯ ಹಲಗೆಗಳ ಜೋಡಣೆ ನೋಡುತ್ತಿದ್ದೆ. ಮೊಳೆಯೇ ಇಲ್ಲ, ಬರೀ ನಾರಿನಿಂದ ಹೊಲಿದದ್ದು! ಹೆಣ್ಣುಮಕ್ಕಳಿಬ್ಬರನ್ನೂ ಕರೆದು ಇಬ್ಬರ ಸೊಂಟಕ್ಕೂ ಒಂದೇ ಕಣ್ಣಿ ಬಿಗಿದೆ. ಹಾಕಿದ್ದು ಎತ್ತಿಗೆ ಹಾಕುವ ಗಂಟು, ಜಗ್ಗಿದಷ್ಟೂ ಬಿಗಿಯುವುದು.

ತಾಂಡೇಲ ನೋಡಿದ. ಕರೀ ಮೈ, ಬಿಳೀ ಮೀಸೆ, ಹೆಚ್ಚು ಮಾತಿಲ್ಲದವ. “ಹಗ್ಗ ತೆಗೀರಿ ಮಾರಾಯ್ರೇ. ಬೋಟಿಗೆ ಹತ್ತಿಸೋವಾಗ ಒಂದೊಂದೇ ಮಗು ಕೊಡಬೇಕು.”

“ಆತು,” ಎಂದೆ.

ಕಡಲಿನವನಿಗೆ ಕಟ್ಟುವ ವಿದ್ಯೆ ಏನು ಗೊತ್ತು? ನಾರಿನಿಂದ ದೋಣಿ ಹೊಲಿಯುವವನು ನನಗೆ ಹೇಳುತ್ತಾನೆ! ಅವನು ಆ ಕಡೆ ಹೋಗುತ್ತಲೇ ಕಣ್ಣಿಯನ್ನು ಬಿಚ್ಚದೆ, ಇಬ್ಬರ ನಡುವಿನ ಹುರಿಯನ್ನಷ್ಟೇ ಮಡಚಿ ಚಂದ್ರಿಯ ಪರಕಾರದ ನೆರಿಗೆಯೊಳಗೆ ತುರುಕಿದೆ. ಇಬ್ಬರನ್ನೂ ಒತ್ತೊತ್ತಿಗೆ ಕೂಡಿಸಿದೆ. ನೀಲವ್ವ ನೋಡಿದಳು. “ಅವರು ಬ್ಯಾಡ ಅಂದ್ರಲ್ರಿ,” ಎಂದಳು. “ನೀ ಸುಮ್ನ ಕೂಡು,” ಎಂದೆ.

ದೋಣಿ ಆಗಬೋಟಿನ ಮಗ್ಗುಲಿಗೆ ಹೋಗುವವರೆಗೆ ಎಲ್ಲ ಸರಿಯಿತ್ತು. ಆಗಬೋಟಿನ ಕಬ್ಬಿಣದ ಗೋಡೆ ಹಾನಗಲ್ಲಿನ ಗುಡಿಗಿಂತ ಎತ್ತರ ಕಂಡಿತು. ಅದರ ಹೊರಗೋಡೆಗೆ ಒಂದು ನಿಚ್ಚಣಿಕೆ ಇಳಿಬಿಟ್ಟಿದ್ದರು. ಕೊನೆಯ ಮೆಟ್ಟಿಲ ಮೇಲೆ ಒಬ್ಬ ಖಲಾಸಿ ಒಂದು ಕೈಯಿಂದ ಹಗ್ಗ ಹಿಡಿದು, ಇನ್ನೊಂದು ಕೈ ಚಾಚಿ ನಿಂತಿದ್ದ. ತೆರೆ ಎದ್ದಾಗ ನಮ್ಮ ದೋಣಿ ಅವನ ಮೆಟ್ಟಿಲಿಗೆ ಸಮನಾಗುತ್ತದೆ. ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು, ಆಗಲೇ ಹತ್ತಬೇಕು. ಮರುಗಳಿಗೆ ದೋಣಿ ಆಳೆತ್ತರ ಕೆಳಗೆ ಬೀಳುತ್ತದೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳುವವನು ಹೇಳಿದ್ದ, ಒಂದೊಂದೇ ಮಗು ಕೊಡಬೇಕೆಂದು.

ತೆರೆ ಎದ್ದಿತು. ಖಲಾಸಿ ಮೋನವ್ವನ ರಟ್ಟೆ ಹಿಡಿದು ಮೇಲೆತ್ತಿಕೊಂಡ. ದೋಣಿ ಇಳಿಯಿತು. ನನ್ನ ಮಗ್ಗುಲಿಗಿದ್ದ ಚಂದ್ರಿ ಕುಂತಲ್ಲಿಂದ ಹಾರಿಹೋದಳು.

ದೋಣಿಗೂ ಆ ಕಬ್ಬಿಣದ ಗೋಡೆಗೂ ನಡುವೆ, ಸೊಂಟದಲ್ಲಿ ಮಡಚಿಕೊಂಡು ಕಣ್ಣಿಗೆ ಜೋತುಬಿದ್ದಿದ್ದಳು. ಮೇಲೆ ಮೋನವ್ವ ಮೆಟ್ಟಿಲ ಮೇಲೆ ಅಂಗಾತ ಬಿದ್ದು ಚೀರುತ್ತಿದ್ದಳು, ಖಲಾಸಿ ಅವಳನ್ನು ಅವುಚಿಕೊಂಡಿದ್ದ. ಮುಂದಿನ ತೆರೆ ದೋಣಿಯನ್ನು ಎತ್ತಿ ಗೋಡೆಗೆ ಬಡಿದರೆ ನಡುವೆ ನನ್ನ ಮಗಳು. ಆ ಹೊತ್ತಿನಲ್ಲಿ ನಾನೇನು ಮಾಡಿದೆ ಕೇಳಿ. ಮಗಳನ್ನು ಹಿಡಿಯಲಿಲ್ಲ. ನನ್ನ ಕೈ ಗಂಟಿಗೆ ಹೋಯಿತು. ಮೂವತ್ತು ವರ್ಷದ ಬಡಿಗನ ಬೆರಳು ತನ್ನದೇ ಗಂಟನ್ನು ಬಿಚ್ಚಲು ಹೆಣಗಿದವು, ಅದು ಬಿಚ್ಚಲಿಲ್ಲ. ಅಷ್ಟು ಚಲೋ ಕಟ್ಟಿದ್ದೆ.

ತಾಂಡೇಲ ದೋಣಿ ನೂಕುವ ಗಳುವನ್ನು ಗೋಡೆಗೆ ಒತ್ತಿ ದೋಣಿಯನ್ನು ದೂರ ಸರಿಸಿದ. ಗಳುವನ್ನು ಇನ್ನೊಬ್ಬನ ಕೈಗೆ ಕೊಟ್ಟು ಚಂದ್ರಿಯನ್ನು ಎಡಗೈಯಿಂದ ತಬ್ಬಿ ಎತ್ತಿದ, ಸೊಂಟದ ಕತ್ತಿ ತೆಗೆದು ಕಣ್ಣಿಯನ್ನು ಒಂದೇ ಏಟಿಗೆ ಕಡಿದ. ತೆರೆ ಎದ್ದು ಇಳಿಯಿತು. ಚಂದ್ರಿ ಅವನ ಹೆಗಲ ಮೇಲಿದ್ದಳು.

ಅವನು ಬೈಯಲಿಲ್ಲ. ಕಡಿದ ತುಂಡನ್ನು ನನ್ನ ತೊಡೆಯ ಮೇಲಿಟ್ಟು, “ಬೇಡ ಅಂದಿದ್ದೆನಲ್ಲ,” ಎಂದ.

ಆಗಬೋಟಿನ ಮೇಲಿನ ಆ ಅರ್ಧ ದಿವಸ ಮಕ್ಕಳ ಪಾಲಿಗೆ ಸ್ವರ್ಗವಾಗಿತ್ತು. ಇದು ನನಗೆ ಇಂದಿಗೂ ಅರ್ಥವಾಗದ ಸಂಗತಿ. ಗಳಿಗೆ ಹೊತ್ತು ಅತ್ತ ಚಂದ್ರಿ ಮೂಗು ಒರೆಸಿಕೊಂಡು ಎದ್ದವಳು ಮತ್ತೆ ಕೂಡಲೇ ಇಲ್ಲ. ಹಲಗೆಗೆ ಕಿವಿ ಹಚ್ಚಿ, “ಅಕ್ಕಾ, ಇದರಾಗೂ ಅಕ್ಕಿ ಗಿರಣಿ ನಡದೈತಿ!” ಎಂದಳು. ಹೊಗೆಯ ಕೊಳವೆ ಬಿಸಿ ಇದೆಯೋ ಇಲ್ಲವೋ ಎಂದು ಎಲ್ಲರನ್ನೂ ಕೇಳಿ ಬಂದಳು. ಹಂದಿಯಂಥ ಮೂರು ಮೀನು ಜೊತೆಜೊತೆಗೆ ಜಿಗಿದಾಗ ಅಕ್ಕತಂಗಿ ಇಬ್ಬರೂ ಕುಣಿದರು. ಕೊಂಕಣಿ ಮುದುಕಿಯೊಬ್ಬಳು ಅವರಿಗೆ ಬೆಲ್ಲ ಕೊಬ್ಬರಿ ಕೊಟ್ಟಳು, ನಮ್ಮವರು ಅವಳಿಗೆ ರೊಟ್ಟಿ ಕೊಟ್ಟರು. ಆ ಕಟಕ್ ರೊಟ್ಟಿಯನ್ನು ಅವಳು ಹಪ್ಪಳವೆಂದು ತಿಳಿದು ಕರಿಯಲು ಎತ್ತಿಟ್ಟುಕೊಂಡಳೆಂದು ಕಾಣುತ್ತದೆ. ಯಾರಿಗೂ ವಾಂತಿ ಆಗಲಿಲ್ಲ, ನನ್ನೊಬ್ಬನನ್ನು ಬಿಟ್ಟು. ಹನ್ನೆರಡೂ ಲಿಂಬಿಹಣ್ಣು ನಾನೇ ಮೂಸಿ ಮುಗಿಸಿದೆ.

ಒಂದು ಕಬ್ಬಿಣದ ಕಂಬಕ್ಕೆ ಬೆನ್ನು ಕೊಟ್ಟು ಕುಂತು ತಲೆ ಎಣಿಸುತ್ತಿದ್ದೆ. ಒಂದು, ಎರಡು, ಮೂರು. ಮತ್ತೆ ಒಂದು, ಎರಡು. ಮೂರನೆಯದು ಎಲ್ಲಿ? ತಾಯಿಯ ಸೆರಗಿನಲ್ಲಿ. ನೀಲವ್ವ ಹತ್ತಿದಾಗಿನಿಂದ ನನ್ನ ಜೊತೆ ಮಾತಾಡಿರಲಿಲ್ಲ. ಕೊನೆಗೆ ತಡೆಯದೆ ಅಂದಳು: “ಸಾಕ್ರಿ. ಎಣಿಸಿ ಎಣಿಸಿ ಮಕ್ಕಳು ಸವದಾವು.”

ನನ್ನನ್ನು ತಿನ್ನುತ್ತಿದ್ದ ಚಿಂತೆ ಬೇರೆ ಇತ್ತು. ಹತ್ತಿದವರು ಇಳಿಯಲೇಬೇಕಲ್ಲ! ಹೋಗುವ ಬರುವ ಖಲಾಸಿಗಳನ್ನೆಲ್ಲ ನಿಲ್ಲಿಸಿ, ಕಾರವಾರದಲ್ಲಿ ಆಗಬೋಟು ದಂಡೆಗೆ ಹಚ್ಚಿ ನಿಲ್ಲುತ್ತದೆಯೇ ಎಂದು ಕೇಳಿದೆ. ಇಲ್ಲ, ಅಲ್ಲಿಯೂ ದೋಣಿಯೇ ಅಂದರು. ಹಾಗಾದರೆ ಮುಂಬಯಿಯಲ್ಲಿ? ಅಲ್ಲಿ ದಂಡೆಗೇ ಹಚ್ಚುತ್ತಾರಂತೆ. ಸುಳ್ಳು ಹೇಳುವುದಿಲ್ಲ, ಹೆಂಡತಿ ಮಕ್ಕಳನ್ನು ಮುಂಬಯಿತನಕ ಒಯ್ದು ಅಲ್ಲಿಂದ ನಡೆಸಿಕೊಂಡು ಹಾನಗಲ್ಲಿಗೆ ಬರುವ ವಿಚಾರವನ್ನು ಸ್ವಲ್ಪ ಹೊತ್ತು ಮಾಡಿದೆ.

ಕಾರವಾರ ಬಂತು. ನೀಲವ್ವ ಕೂಸನ್ನು ಖಲಾಸಿಯ ಕೈಗೆ ಕೊಟ್ಟು ಹೂವಿನಂತೆ ಇಳಿದುಬಿಟ್ಟಳು. ಮೋನವ್ವ ಇಳಿದಳು. ಉಳಿದದ್ದು ಚಂದ್ರಿ. ಮೆಟ್ಟಿಲ ಮೇಲೆ ನಿಂತು ಅವಳ ಎರಡೂ ಕಂಕುಳಲ್ಲಿ ಕೈ ಹಾಕಿ ಹಿಡಿದಿದ್ದೆ. ಕೆಳಗಿನಿಂದ ದೋಣಿಯವನು ಕೈ ಚಾಚಿ, “ಬಿಡಿ!” ಎಂದ. ತೆರೆ ಎದ್ದು ಇಳಿಯಿತು. ನನ್ನ ಕೈ ಬಿಡಲಿಲ್ಲ. ಇನ್ನೊಂದು ತೆರೆ. “ಬಿಡ್ರೋ!” ಬಿಡಲಿಲ್ಲ. ಹಿಂದೆ ನಿಂತವರು ರೇಗಿದರು. “ಓ ಘಟ್ಟದ ಮೇಲಿನವ್ರೇ, ಮಗು ಕೊಡ್ತೀರೋ ವಾಪಸ್ ಒಯ್ತೀರೋ?”

ಆಗ ಚಂದ್ರಿ ಕತ್ತು ಹೊರಳಿಸಿ ನನ್ನ ಕಿವಿಯಲ್ಲಿ ಅಂದಳು: “ಅಪ್ಪಾ, ನೀ ಕಣ್ಣ ಮುಚ್ಚು. ನಾ ಹಾರತೇನಿ.”

ಮುಚ್ಚಿದೆ. ಕೈಯೊಳಗಿನ ಭಾರ ಹೋಯಿತು. ಕಣ್ಣು ತೆರೆಯುವಷ್ಟರಲ್ಲಿ ಅವಳು ದೋಣಿಯವನ ಮೊಣಕಾಲ ನಡುವೆ ಕುಂತು ಚಪ್ಪಾಳೆ ಹೊಡೆಯುತ್ತಿದ್ದಳು.

ಊರಿಗೆ ಬಂದ ಮರುದಿನ ಮುಂಜಾನೆ ಅವ್ವ ಮಕ್ಕಳಿಗೆ ಎಣ್ಣಿ ಹಚ್ಚಿ ಎರೆಯಲು ಕುಂತಳು. ನಾನು ಅಂಗಳದಲ್ಲಿ ಬಾಚಿ ಮಸೆಯುತ್ತಿದ್ದೆ. ಬಚ್ಚಲಿನಿಂದ ಅವ್ವನ ದನಿ ಬಂತು. “ಇದೇನ ಚಂದ್ರಿ? ನಡಕ್ಕ ಸುತ್ತೂ ಕೆಂಪಗ ಬಾಸುಂಡಿ ಎದ್ದೈತಿ! ಯಾರ ಕಟ್ಟಿದ್ರು ನಿನ್ನ?”

ಮಸೆಯುವ ಕೈ ನಿಂತಿತು. ನೀಲವ್ವ ಒಲೆಯ ಮುಂದಿನಿಂದ ನನ್ನ ಕಡೆ ನೋಡಿದಳು. ನಾನು ಹೇಳುತ್ತೇನೆಂದು ಕಾದಳೆಂದು ಕಾಣುತ್ತದೆ. ನಾನು ಬಾಚಿಯ ಅಲಗು ನೋಡಿದೆ.

“ಉಡದಾರ ಬಿಗಿ ಆಗಿತ್ತು ಆಯೀ,” ಎಂದು ಅಜ್ಜಿಗೆ ಹೇಳಿದಳು ಚಂದ್ರಿ.

ಆರು ವರ್ಷದ ಕೂಸು! ಅವ್ವ ಅದನ್ನು ನಂಬಿದಳು. ಉಡದಾರ ಇಷ್ಟು ಬಿಗಿ ಕಟ್ಟಿದವಳು ಎಂಥ ತಾಯಿ ಎಂದು ಆ ದಿನವೆಲ್ಲ ನೀಲವ್ವನನ್ನು ಬೈದಳು. ನೀಲವ್ವ ತಲೆ ತಗ್ಗಿಸಿ ಬೈಸಿಕೊಂಡಳು. ನಾನು ಗಾಲಿಯ ಅರ ಕೆತ್ತುತ್ತಲೇ ಇದ್ದೆ.

ಒಮ್ಮೆ ಮುಚ್ಚಿದ್ದು ಅಲ್ಲಿಗೇ ನಿಲ್ಲುವುದಿಲ್ಲ. ಕೊಟ್ಟಿಗೆಗೆ ಬಂದವರು ಸಮುದ್ರದ ಸುದ್ದಿ ಕೇಳಿದರೆ ಹೇಳತೊಡಗಿದೆ: ಮಗಳನ್ನು ಎತ್ತಿಕೊಡುವಾಗ ದೋಣಿಯವರು ಜಾರಿಸಿದರು, ನಾನು ಹಿಡಿದೆ. ಹೇಳಿ ಹೇಳಿ ಅದಕ್ಕೊಂದು ಗಟ್ಟಿ ರೂಪ ಬಂತು, ನಾನೇ ನಂಬುವಷ್ಟು. ಒಂದು ದಿವಸ ಹತ್ತು ಮಂದಿಯ ಮುಂದೆ ಹೀಗೆ ಹೇಳುತ್ತಿರುವಾಗ ಹುಸೇನಸಾಬ ಬಂದು ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದ. ಆ ತಾಂಡೇಲ ಅವನ ಗುರುತಿನವ, ನಡೆದದ್ದೆಲ್ಲ ಅವನಿಗೆ ತಿಳಿದಿತ್ತು. ನನ್ನ ಕತೆ ಮುಗಿದ ಮೇಲೆ, “ನನ್ನ ಗಾಲಿ ಆಗ್ಯಾವೇನ್ರಿ ಬಡಿಗೇರ?” ಎಂದ. ಅಲ್ಲಿಯತನಕ ನನಗೆ ನೀನು ಅನ್ನುತ್ತಿದ್ದವನು ಅಂದಿನಿಂದ ನೀವು ಅಂದ. ನನಗೆ ಅದು ಎಷ್ಟು ಉರಿಯಿತೆಂದರೆ, ಸೊಕ್ಕಿಗೆ ಬಿದ್ದು ನಾನೂ ಮಾತು ಬಿಟ್ಟೆ.

ಈಗ ಅವ್ವ ಇಲ್ಲ, ನೀಲವ್ವ ಇಲ್ಲ, ಹುಸೇನಸಾಬನೂ ಇಲ್ಲ. ಮೋನವ್ವ ಗಂಡನ ಕೂಡ ಹಿರೇಕೆರೂರಿನಲ್ಲಿದ್ದಾಳೆ, ಚಂದ್ರಿಯನ್ನು ಶಿಗ್ಗಾಂವಿಗೆ ಕೊಟ್ಟಿದೆ. ಆರು ವರ್ಷದ ಕೂಸು ಅಪ್ಪನ ಮಾನ ಕಾಯ್ದದ್ದನ್ನು ನೆನೆದು ಎಷ್ಟು ಸಲ ಕಣ್ಣು ತುಂಬಿಕೊಂಡಿದ್ದೇನೋ! ಆದರೆ ಅವಳ ಮುಂದೆ ಬಾಯಿ ಬಿಟ್ಟಿರಲಿಲ್ಲ. ಮೊನ್ನೆ ಬಸ್ಸು ಇಳಿದು ಅವಳ ಮನೆ ಮುಟ್ಟುವ ಹೊತ್ತಿಗೆ ಇನ್ನು ಹೇಳದಿದ್ದರೆ ಆಗದು ಅನ್ನಿಸಿತ್ತು.

ಅಡಿಗೆಮನೆಯಲ್ಲಿ ಮಣೆ ಹಾಕಿ ಕೂಡಿಸಿದಳು. ಅವಳ ತಲೆಯಲ್ಲೂ ಬಿಳಿ ಕೂದಲು ಕಾಣುತ್ತಿವೆ. ತಾಟಿಗೆ ಪಲ್ಯ ಬಡಿಸಿ ರೊಟ್ಟಿ ಬಡಿಯಲು ಕುಂತಳು.

“ಚಂದ್ರೀ,” ಎಂದೆ, “ಅವತ್ತ ಆಗಬೋಟ ಹತ್ತೂವಾಗ ದೋಣಿಯವರ ತಪ್ಪಿದ್ದಿಲ್ಲ. ಕಣ್ಣಿ ತಗೀರಿ ಅಂತ ತಾಂಡೇಲ ಹೇಳಿದ್ದ. ನಾನ ತಗೀಲಿಲ್ಲ. ನಾನ ಮುಚ್ಚಿಟ್ಟಿದ್ದೆ.”

“ನನಗ ಗೊತ್ತಿಲ್ಲೇನಪ್ಪಾ? ಮುಚ್ಚಿದ್ದು ನನ್ನ ಪರಕಾರದಾಗ.”

ಹಿಟ್ಟಿನ ಮೇಲೆ ಅವಳ ಕೈ ಆಡುತ್ತಲೇ ಇತ್ತು. ನಾನೆಂದೆ: “ಮತ್ತ ಆಯಿ ಕೇಳಿದಾಗ ನೀ ಉಡದಾರ ಅಂದಿ. ಅಷ್ಟ ಸಣ್ಣಾಕಿ, ನನ್ನ ಮಾನ ಉಳಿಸಿದಿ.”

ಚಂದ್ರಿ ತಲೆ ಎತ್ತಿ ನನ್ನ ಮುಖ ನೋಡಿ ನಕ್ಕಳು. “ನಿನ್ನ ಮಾನ ನನಗೇನ ಗೊತ್ತು ಆ ವಯಸ್ಸಿನ್ಯಾಗ! ಖರೇ ಹೇಳಿದ್ರ ಆಯಿ ಮತ್ತೊಮ್ಮೆ ಆಗಬೋಟಿಗೆ ಕಳಸ್ತಿದ್ದಿಲ್ಲ. ಅದಕ್ಕ ಹೇಳ್ಲಿಲ್ಲ.”

ನಾನು ತಾಟಿನ ಪಲ್ಯವನ್ನು ಬೆರಳಿನಿಂದ ಒಂದು ಕಡೆ ಸರಿಸಿದೆ. ಅವಳೇ ಮುಂದುವರಿಸಿದಳು.

“ವರ್ಷಾ ಸಂಕ್ರಾಂತಿ ಮುಗದ ಕೂಡ್ಲೆ ಹೋಗತೇವಿ ಅಂತ ಹಾದಿ ನೋಡ್ತಿದ್ದೆ. ಒಂದು ವರ್ಷ ಗಾಡಿ ಕೆಲಸ ಭಾಳ ಐತಿ ಅಂದಿ. ಒಂದು ವರ್ಷ ಯುದ್ಧ ಅಂದಿ. ಹುಸೇನಕಾಕಾನ ಗಾಡಿ ಬಂದ ಸಪ್ಪಳಾದ್ರ ಓಡಿ ಬರ್ತಿದ್ದೆ ನಾ. ಅಂವಾನೂ ಬರೂದು ಬಿಟ್ಟ.”

“ಎಷ್ಟು ವರ್ಷ ನೋಡಿದಿ?” ಎಂದೆ.

“ಲಗ್ನ ಆಗೂತನಕ,” ಎಂದಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು.